ದಾರಿಯಿಲ್ಲದ ಬೆಟ್ಟವೂ ಕಾರಂತರೂ

ಬಹು ವರ್ಷಗಳ ಹಿಂದೆ, ಪ್ರಾಯದ ಹುಮ್ಮಸ್ಸಿನಲ್ಲಿ, ಸುಳ್ಯ ಸೀಮೆಯ ಕಲ್ಮಕಾರಿನ ಕಡೆಯಿಂದ ಕುಮಾರಪರ್ವತವನ್ನು ಏರಲು ಹೊರಟಿದ್ದೆ. ಸುಬ್ರಹ್ಮಣ್ಯದಿಂದ ಗಿರಿಗದ್ದೆಯ ಮೂಲಕ ಹೋಗುವ ಕಾಲುದಾರಿ ಎಲ್ಲರಿಗೂ ತಿಳಿದುದೇ. ನಾನು ಹಿಡಿದ ಮಗ್ಗುಲಲ್ಲಿ ದಾರಿಯೆಂಬುದೇ ಇರಲಿಲ್ಲ. ಜೊತೆಗೆ ಬಂದ ಹಿರಿಯರು ಹಿಂದೆ ಮರದ ಕೂಪುಗಳಲ್ಲಿ ದುಡಿದವರು. ಕತ್ತಿಯಿಂದ ಬೆತ್ತದ ಬಳ್ಳಿಗಳನ್ನು ಕಡಿಯುತ್ತ ಮುಂದೆ ಸಾಗಿದರು. ಹಳೆಯ ಬುಡಗಳನ್ನು ಕಂಡಲ್ಲೆಲ್ಲ ನಿಂತು, ಇದು ಹೆಬ್ಬಲಸು, ಇದು ಬೋಗಿ ಎಂದು, ಅಗಲಿದ ನೆಂಟರ ಹೆಸರು ಹೇಳುವಂತೆ ಹೇಳುತ್ತಿದ್ದರು. ಇಂಬಳಗಳ ಕಾಟಕ್ಕೂ ಇಳಿಹೊತ್ತಿಗೂ ಅಂಜಿ ಅರ್ಧದಿಂದಲೇ ಹಿಂದಿರುಗಿದೆವು. 1712 ಮೀಟರ್ ಎತ್ತರದ ಆ ಶಿಖರ ನನಗೆ ದಕ್ಕಲಿಲ್ಲ. ಆದರೆ ಶಿವರಾಮ ಕಾರಂತರನ್ನು ನಾನು ಸರಿಯಾಗಿ ಓದತೊಡಗಿದುದು ಆ ದಿನದಿಂದ.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದ ಕಾರಂತರು ಕಡಲತಡಿಯವರು. ಅಸಹಕಾರ ಚಳುವಳಿಯ ಕರೆಗೆ ಕಾಲೇಜನ್ನು ತೊರೆದವರು. ಸುಮಾರು ನಾಲ್ಕು ದಶಕಗಳ ಕಾಲ ಪುತ್ತೂರನ್ನು ಮನೆಯಾಗಿಸಿಕೊಂಡು, ಬಾಲವನದಲ್ಲಿ ಮಕ್ಕಳಿಗೆ ಆಟ, ನಾಟಕ, ಕುಣಿತಗಳ ಮೂಲಕ ಶಿಕ್ಷಣದ ಹೊಸ ಹಾದಿಯನ್ನು ಅರಸಿದರು. 1936ರಲ್ಲಿ ಲೀಲಾ ಅವರನ್ನು ವರಿಸಿದರು. ಯಾರೋ ತುಳಿದ ದಾರಿಯಲ್ಲಿ ನಡೆಯುವುದು ಅವರ ಜಾಯಮಾನಕ್ಕೆ ಒಗ್ಗದು. ಯಕ್ಷಗಾನವಿರಲಿ, ವಿಜ್ಞಾನದ ವಿಶ್ವಕೋಶವಿರಲಿ, ತಾವೇ ಪೊದೆ ಸವರಿ ಒಳಹೊಕ್ಕರು.

ಈ ಬೆಟ್ಟದ ಬುಡದಲ್ಲಿ ಸುತ್ತಾಡಿದ ಅನುಭವದಿಂದ 1943ರಲ್ಲಿ ಬಂದುದು ‘ಬೆಟ್ಟದ ಜೀವ’. ಸುಬ್ರಹ್ಮಣ್ಯದಿಂದ ಹೊರಟು ದಾರಿ ತಪ್ಪಿದ ಪ್ರಯಾಣಿಕನೊಬ್ಬ ಗೋಪಾಲಯ್ಯನೆಂಬ ವೃದ್ಧನ ಮನೆಯನ್ನು ಸೇರುತ್ತಾನೆ. ಕಾಡನ್ನು ಕಡಿದು ಅಡಕೆ ತೋಟ ಎಬ್ಬಿಸಿದ ಸಾಹಸಿ ಆತ. ಮನೆ ಬಿಟ್ಟುಹೋದ ಮಗನಿಗಾಗಿ ಮರುಗುವ ತಂದೆಯೂ ಹೌದು. ಆನೆ ಹುಲಿಗಳು ಅಲ್ಲಿ ಬೆಳೆಗೂ ದನಕ್ಕೂ ಶತ್ರುಗಳು.

ತರಗತಿಯಲ್ಲಿ ಈ ಕಾದಂಬರಿಯನ್ನು ಪಾಠ ಮಾಡುತ್ತಿದ್ದಾಗ ಒಬ್ಬ ವಿದ್ಯಾರ್ಥಿ ಎದ್ದು, ಕಾಡು ಕಡಿದವನನ್ನು ನಾವೇಕೆ ಮೆಚ್ಚಬೇಕೆಂದು ಕೇಳಿದ. ನನಗೆ ಆ ಬುಡಗಳೂ ಅವುಗಳ ಹೆಸರು ಹಿಡಿದು ಕರೆದ ಹಿರಿಯರೂ ನೆನಪಾದರು. ಅಂದು ಉತ್ತರ ಹೊಳೆಯದೆ ಮಾತು ತೇಲಿಸಿಬಿಟ್ಟೆ. ಅದು ನನ್ನನ್ನು ಈಗಲೂ ಚುಚ್ಚುತ್ತದೆ.

ಉತ್ತರ ಕಾರಂತರ ಬಾಳಿನಲ್ಲೇ ಇತ್ತು. ಕಾಡು ಅಪಾರವೆಂದು ತೋರುತ್ತಿದ್ದ ಕಾಲದಲ್ಲಿ ಅದರೊಡನೆ ಸೆಣಸಿ ಬದುಕು ಕಟ್ಟಿಕೊಂಡವನ ಛಲವನ್ನು ಅವರು ಕಂಡರು. ಕಾಡು ಕರಗತೊಡಗಿದಾಗ ಅದರ ಪರವಾಗಿ ನಿಂತರು. ಎಪ್ಪತ್ತರ ದಶಕದಲ್ಲಿ ಸಾಲಿಗ್ರಾಮಕ್ಕೆ ತೆರಳಿದ ಮೇಲೂ, 1977ರ ಜ್ಞಾನಪೀಠ ಪ್ರಶಸ್ತಿ ಬಂದ ಮೇಲೂ ಅವರು ವಿಶ್ರಮಿಸಲಿಲ್ಲ. ಕೈಗಾ ಅಣುಸ್ಥಾವರವನ್ನು ವಿರೋಧಿಸಿ, ಎಂಬತ್ತೇಳರ ಹತ್ತಿರದ ಪ್ರಾಯದಲ್ಲಿ, 1989ರ ಲೋಕಸಭಾ ಚುನಾವಣೆಗೂ ನಿಂತು ಸೋತರು. ಅವರ ಮಗ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಗಳ ವೈಜ್ಞಾನಿಕ ಅಧ್ಯಯನಕ್ಕೆ ತೊಡಗಿದರು. ತಂದೆಯ ಕಥೆಯಲ್ಲಿ ಶತ್ರುವಾಗಿದ್ದ ಪ್ರಾಣಿ ಮಗನ ಕಾಲಕ್ಕೆ ರಕ್ಷಣೆ ಬೇಡುವಂತಾಗಿತ್ತು.

ಕಂಡುದನ್ನು ಕಂಡಂತೆ ಹೇಳುವುದು, ಕಾಣುವುದು ಬದಲಾದಾಗ ನಿಲುವನ್ನೂ ಬದಲಿಸುವುದು: ಇದು ಕಾರಂತರು ಸವೆಸಿದ ದಾರಿ. 1997ರ ಡಿಸೆಂಬರ್ 9ರಂದು ಅವರು ತೀರಿಕೊಂಡರು. ಆ ವಿದ್ಯಾರ್ಥಿ ಈಗ ಎಲ್ಲಿರುವನೋ ಅರಿಯೆ. ಈ ಬರೆಹ ಅವನ ಕಣ್ಣಿಗೆ ಬಿದ್ದರೆ, ತಡವಾಗಿ ಬಂದ ಉತ್ತರವೆಂದು ಅವನು ಸ್ವೀಕರಿಸಲಿ.