ನಂಜನಗೂಡು ತಿರುಮಲಾಂಬ: ನಾವು ಮರೆತ ಪತ್ರಕರ್ತೆ

ಜುಲೈ 1 ಕರ್ನಾಟಕದಲ್ಲಿ ಪತ್ರಿಕಾ ದಿನ. 1843ರ ಆ ದಿನ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್‌ರವರು ನಮ್ಮ ಮಂಗಳೂರಿನಿಂದಲೇ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಕನ್ನಡದ ಮೊದಲ ಪತ್ರಿಕೆ ಕರಾವಳಿಯಲ್ಲಿ ಹುಟ್ಟಿತೆಂಬ ಹೆಮ್ಮೆ ನಮಗೆಲ್ಲ ಇದ್ದದ್ದೇ. ಅದೇ ತಿಂಗಳ 16 ನೋವಿನ ದಿನ. 2021ರಲ್ಲಿ ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ಯುದ್ಧದ ವರದಿಗೆ ಹೋಗಿದ್ದ ನಮ್ಮ ದೇಶದ ಪತ್ರಿಕಾ ಛಾಯಾಗ್ರಾಹಕ ಡ್ಯಾನಿಶ್ ಸಿದ್ದಿಕಿ ಪ್ರಾಣ ಕಳೆದುಕೊಂಡರು. ಅಂಥವರು ಕಳುಹಿಸುವ ಚಿತ್ರಗಳನ್ನು ನಾವು ಅಂಗೈಯಲ್ಲಿರುವ ಸ್ಮಾರ್ಟ್‌ಫೋನಿನಲ್ಲಿ ನೋಡಿ, ಬೆರಳಿನಿಂದ ಮೇಲಕ್ಕೆ ಸರಿಸಿಬಿಡುತ್ತೇವೆ. ಹೊಸ ಫೋನ್ ಮಾರುಕಟ್ಟೆಗೆ ಬಂದರೆ ಸಾಕು, ಕ್ಯಾಮರಾ ಹೇಗಿದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕಂತು ಎಷ್ಟು ಎಂದು ಮನೆಯಲ್ಲಿ ವಾರವಿಡೀ ಮಾತು. ಚಿತ್ರ ತೆಗೆದವರ ಹೆಸರನ್ನು ಮಾತ್ರ ಕೇಳುವವರಿಲ್ಲ. ನಾವೂ ಕೇಳಿದವರಲ್ಲ ಎಂದು ಒಪ್ಪಿಕೊಳ್ಳುತ್ತೇವೆ.

ಹೀಗೆ ಹೆಸರು ಮರೆತುಹೋದ ಪತ್ರಕರ್ತೆಯೊಬ್ಬರು ಮೈಸೂರು ಸೀಮೆಯಲ್ಲಿದ್ದರು. ಅವರು ಯುದ್ಧಭೂಮಿಗೆ ಹೋದವರಲ್ಲ, ಮನೆಯ ಹೊಸ್ತಿಲು ದಾಟುವುದೇ ಕಷ್ಟವಾಗಿದ್ದವರು. ಆದರೂ ಸುದ್ದಿ ಮುಟ್ಟಿಸಲು ಕಷ್ಟಪಟ್ಟವರನ್ನು ನೆನೆಯುವಾಗ ಅವರನ್ನು ಬಿಡುವಂತಿಲ್ಲ.

ತಿರುಮಲಾಂಬ ಹುಟ್ಟಿದ್ದು 1887ರ ಮಾರ್ಚ್ 25ರಂದು, ನಂಜನಗೂಡಿನಲ್ಲಿ. ಕಪಿಲಾ ನದಿಯ ದಂಡೆಯ ಊರು ಅದು. ಅಲ್ಲಿಂದ ಮುಂದೆ ಹರಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಆ ಕಡೆ ಪ್ರವಾಸ ಹೋದ ನಮ್ಮವರು ಶ್ರೀಕಂಠೇಶ್ವರನ ಗುಡಿ, ರಸಬಾಳೆ, ಹಲ್ಲುಪುಡಿ ಇವುಗಳನ್ನೆಲ್ಲ ಜ್ಞಾಪಕ ಇಟ್ಟುಕೊಂಡು ಬರುತ್ತಾರೆ. ತಿರುಮಲಾಂಬರ ಊರು ಅದೆಂದು ಹೇಳಿದವರನ್ನು ನಾವು ಕಾಣೆವು.

ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ಅಂದಿನ ಪದ್ಧತಿಯಂತೆ ಮಗಳಿಗೆ ಹತ್ತನೇ ವಯಸ್ಸಿಗೇ ಮದುವೆಯಾಯಿತು. ಹದಿನಾಲ್ಕರಲ್ಲಿ ಆಕೆ ವಿಧವೆ. ಆ ಕಾಲದಲ್ಲಿ ಅಂಥ ಮನೆತನದ ಬಾಲವಿಧವೆಗೆ ಉಳಿಯುತ್ತಿದ್ದುದು ಅಡುಗೆಮನೆ, ವ್ರತ, ಮೌನ ಇಷ್ಟೇ. ಶುಭಕಾರ್ಯಗಳಲ್ಲಿ ಎದುರಿಗೆ ಬರಬಾರದು, ಒಳ್ಳೆಯ ಬಟ್ಟೆ ಉಡಬಾರದು. ಆದರೆ ಈ ತಂದೆ ಮಗಳನ್ನು ಮೂಲೆಗೆ ತಳ್ಳಲಿಲ್ಲ, ಕೈಗೆ ಪುಸ್ತಕ ಕೊಟ್ಟರು. ಆಕೆ ಓದಿದರು, ಬರೆದರು, ನೆರೆಹೊರೆಯ ಹೆಂಗಸರಿಗೂ ಮಕ್ಕಳಿಗೂ ಕಲಿಸಿದರು.

'ಸತೀ ಹಿತೈಷಿಣಿ' ಎಂಬ ಗ್ರಂಥಮಾಲೆಯನ್ನು ಅವರೇ ಆರಂಭಿಸಿದರು. ಅದರಲ್ಲಿ 1913ರಲ್ಲಿ ಬಂದ 'ಸುಶೀಲೆ' ಕಾದಂಬರಿ ಹಲವು ಸಲ ಅಚ್ಚಾಯಿತು. ನಂತರ 1917ರ ಹೊತ್ತಿಗೆ, ಯುರೋಪಿನಲ್ಲಿ ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆ ಬಂತು. ಕನ್ನಡದಲ್ಲಿ ಹೆಂಗಸೊಬ್ಬರು ಸಂಪಾದಿಸಿದ ಮೊದಲ ಪತ್ರಿಕೆ ಅದು. ಆರ್. ಕಲ್ಯಾಣಮ್ಮನವರ 'ಸರಸ್ವತಿ' ಬಂದದ್ದು ಆಮೇಲೆ. ಮಕ್ಕಳಿಗಾಗಿ 'ಸನ್ಮಾರ್ಗದರ್ಶಿ' ಎಂಬ ಪತ್ರಿಕೆಯನ್ನೂ ತಿರುಮಲಾಂಬ ನಡೆಸಿದರು.

ಅಚ್ಚಿನ ಮೊಳೆ, ಅಂಚೆ, ರೈಲು ಇವೇ ಆಗಿನ ಹೊಸ ಸಾಧನಗಳು. ಇಂದಿನ ಹುಡುಗರಿಗೆ ಫೋನಿನ ಸೆಳೆತ ಇರುವಂತೆ ಅಂದಿನ ಓದುಬರಹ ಬಲ್ಲವರಿಗೆ ಅಚ್ಚಾದ ಹಾಳೆಯ ಸೆಳೆತ. ಮನೆಯೊಳಗಿರುವ ಹೆಂಗಸು ಹೊರಗೆ ಹೋಗಬೇಕಾಗಿಲ್ಲ, ಪತ್ರಿಕೆಯೇ ಒಳಗೆ ಬರುತ್ತದೆ. ಈ ಉಪಾಯದ ಬೆಲೆಯನ್ನು ತಿರುಮಲಾಂಬ ಚೆನ್ನಾಗಿ ಅರಿತಿದ್ದರು. ಅವರ ಬರವಣಿಗೆಯಲ್ಲಿ ಪಾತಿವ್ರತ್ಯದ ಹೊಗಳಿಕೆ ಬೇಕಾದಷ್ಟಿದೆ, ಇಂದು ಓದಿದರೆ ಕೆಲವು ಪುಟ ಬೇಸರ ತರಬಹುದು. ಆದರೆ ಹೆಣ್ಣು ಓದಲೇಬೇಕು, ಬರೆಯಲೇಬೇಕು ಎಂಬ ಹಟ ಅಲ್ಲೇ ಇದೆ. ಒಬ್ಬ ವಿಧವೆ ತನ್ನ ಹೆಸರನ್ನು ಅಚ್ಚು ಹಾಕಿಸಿ ಊರೂರಿಗೆ ಕಳುಹಿಸುವುದೆಂದರೆ ಆ ದಿನಗಳಲ್ಲಿ ಸಣ್ಣ ಧೈರ್ಯವಲ್ಲ.

ಪತ್ರಿಕೆ ಬಹಳ ಕಾಲ ನಡೆಯಲಿಲ್ಲ. ಕಾದಂಬರಿ, ನಾಟಕ, ಪ್ರಬಂಧ ಎಲ್ಲ ಸೇರಿ ಇಪ್ಪತ್ತಕ್ಕೂ ಹೆಚ್ಚು ಕೃತಿಗಳನ್ನು ಬರೆದ ಬಳಿಕ ಅವರ ಲೇಖನಿಯೂ ನಿಂತಿತು. 'ಮಾತೃನಂದಿನಿ' ಕಾದಂಬರಿಯ ಬಗ್ಗೆ ಮಾಸ್ತಿಯವರು ಬರೆದ ಕಟುವಾದ ವಿಮರ್ಶೆಯಿಂದ ಅವರು ತುಂಬಾ ನೊಂದುಕೊಂಡರೆಂದು ಹೇಳುತ್ತಾರೆ. ವಿಮರ್ಶಕರಿಗೆ ವಿಮರ್ಶಿಸುವ ಹಕ್ಕು ಇದೆ, ಅದರಲ್ಲಿ ತಪ್ಪು ಹುಡುಕಲಾರೆವು. ಆದರೆ ಆ ಪುಸ್ತಕಗಳನ್ನು ಓದಿ ಸಂತೋಷಪಟ್ಟಿದ್ದವರು ಒಂದು ಕಾಗದ ಬರೆದು ಹಾಗೆಂದು ತಿಳಿಸಿದ್ದರೆ ಏನಾಗುತ್ತಿತ್ತೋ ಎಂದು ನಮಗೆ ಅನಿಸುತ್ತದೆ. ಅವರು ಮದ್ರಾಸಿನಲ್ಲಿ ನೆಲೆಸಿದರು. ದಶಕಗಳು ಉರುಳಿದವು. ಅವರು ಬದುಕಿದ್ದಾರೆಂಬುದನ್ನೇ ಕನ್ನಡನಾಡು ಮರೆಯಿತು.

ಕೊನೆಗೆ ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಿ.ನ. ಮಂಗಳಾರವರು ಈ ವೃದ್ಧೆಯನ್ನು ಹುಡುಕಿಕೊಂಡು ಮದ್ರಾಸಿಗೆ ಹೋದರು. ವಿಜಯಾ ದಬ್ಬೆಯವರು ಅವರ ಕೃತಿಗಳನ್ನು ಅಧ್ಯಯನ ಮಾಡಿ ಬರೆದರು. ಬರೆಯುವ ಹೆಂಗಸರಿಗಾಗಿ ನಂಜನಗೂಡು ತಿರುಮಲಾಂಬರ ಹೆಸರಿನಲ್ಲಿ ಪ್ರಶಸ್ತಿಯೊಂದು ಆ ಕಾಲೇಜಿನಿಂದಲೇ ಹುಟ್ಟಿತು. ತಿರುಮಲಾಂಬ 1982ರಲ್ಲಿ ತೀರಿಕೊಂಡರು. ಆಗ ಅವರಿಗೆ 95 ವರ್ಷ.