ಮೇಷ್ಟ್ರ ಮನೆಯಲ್ಲಿ ಹುಟ್ಟಿದ ಆಕಾಶವಾಣಿ

ರಾಯದುರ್ಗ: ಆಕಾಶವಾಣಿ ಎಂಬ ಪದ ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡ ಮನೆಗೂ ಗೊತ್ತು, ತೆಲುಗು ಮನೆಗೂ ಗೊತ್ತು. ಆ ಹೆಸರಿನ ಬಾನುಲಿ ಕೇಂದ್ರವನ್ನು ಮೈಸೂರಿನಲ್ಲಿ ಕಟ್ಟಿದವರು ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ.

1896ರಲ್ಲಿ ಜನಿಸಿದ ಅವರು ಲಂಡನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಕೈಕೆಳಗೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಮೈಸೂರಿಗೆ ಬಂದು 1924ರಲ್ಲಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಮಹಾರಾಜ ಕಾಲೇಜಿನ ಪ್ರಾಂಶುಪಾಲರೂ ಆದರು.

1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠ್ಠಲ ವಿಹಾರದಿಂದಲೇ ಪ್ರಸಾರ ಆರಂಭಿಸಿದರು. ಯಂತ್ರದ ಸಾಮರ್ಥ್ಯ ಕೇವಲ 30 ವ್ಯಾಟ್, ಹಳೆಯ ನಲವತ್ತರ ಬಲ್ಬಿಗಿಂತಲೂ ಕಡಿಮೆ. ಕೈಯಿಂದ ಹಣ ಹಾಕಿ ನಡೆಸಿದರು, ಮುಂದೆ 250 ವ್ಯಾಟ್ ಯಂತ್ರ ತರಿಸಿದರು. ಜೊತೆಗೆ ದುಡಿದವರು ಸಾಹಿತಿ ನಾ. ಕಸ್ತೂರಿ. ಕೇಂದ್ರಕ್ಕೆ ಹೆಸರು ಸೂಚಿಸಿದವರು ಅವರೇ ಎಂದು ಹೇಳುವುದುಂಟು. ಕಸ್ತೂರಿಯವರು ಮುಂದೆ ನಮ್ಮ ಪುಟ್ಟಪರ್ತಿಯಲ್ಲೇ ನೆಲೆಸಿದರು.

ಖಾಸಗಿಯಾಗಿ ಹೊರಲಾಗದಷ್ಟು ಭಾರವಾದಾಗ ಮೈಸೂರು ನಗರಸಭೆ ನೆರವಿಗೆ ಬಂತು. 1942ರಲ್ಲಿ ಸಂಸ್ಥಾನವೇ ಕೇಂದ್ರವನ್ನು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು. ಅದೇ ದಶಕದಲ್ಲಿ ಇಡೀ ದೇಶದ ರೇಡಿಯೋಗೆ ಆಕಾಶವಾಣಿ ಎಂಬ ಹೆಸರಾಯಿತು. ಗೋಪಾಲಸ್ವಾಮಿಯವರು 1957ರಲ್ಲಿ ತೀರಿಕೊಂಡರು.

ಅವರ ಕಾಲದ ಪ್ರಸಾರವೆಲ್ಲ ಎಎಂ. ಮಾತಿನ ಏರಿಳಿತಕ್ಕೆ ತಕ್ಕಂತೆ ರೇಡಿಯೋ ಅಲೆಯ ಬಲ ಹೆಚ್ಚು ಕಡಿಮೆಯಾಗುವ ವಿಧಾನ ಇದು. ಎಎಂನ ಮಧ್ಯಮ ತರಂಗ ನೆಲವನ್ನು ಹಿಡಿದು ಸಾಗುತ್ತದೆ, ರಾತ್ರಿ ಇನ್ನೂ ದೂರ ಮುಟ್ಟುತ್ತದೆ. ಗುಡ್ಡ ಅಡ್ಡ ಬಂದರೆ ಎಫ್‌ಎಂ ಸೊರಗುತ್ತದೆ. ಬೆಂಗಳೂರಿನ 612 ಕಿಲೋಹರ್ಟ್ಸ್ ಕೇಂದ್ರ ದಶಕಗಳ ಕಾಲ ಗಡಿ ದಾಟಿ ಕೇಳಿಸಿದ್ದು ಹೀಗೆಯೇ.

ಎಎಂಗೂ ಕುಂದುಗಳಿವೆ. ಸಿಡಿಲಿನ ಸದ್ದು ಸೇರುತ್ತದೆ, ದೊಡ್ಡ ಕೇಂದ್ರಗಳಿಗೆ ವಿದ್ಯುತ್ ಬಹಳ ಬೇಕು, ಮೊಬೈಲಿನಲ್ಲಿ ಎಎಂ ಬರುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಪ್ರಸಾರ ಭಾರತಿ ಹಲವು ಮಧ್ಯಮ ತರಂಗ ಪ್ರಸಾರಗಳನ್ನು ನಿಲ್ಲಿಸಿದೆ. ಮೊಬೈಲಿಗೆ ಎಚ್ಚರಿಕೆ ಸಂದೇಶ ಕಳುಹಿಸುವ ವ್ಯವಸ್ಥೆಯೂ ಬಂದಿದೆ. ಆದರೆ ಕರೆಂಟ್ ಹೋಗಿ ಟವರ್ ಕೆಲಸ ನಿಲ್ಲಿಸಿದರೆ ಆ ಸಂದೇಶ ಮುಟ್ಟುವುದು ಹೇಗೆ? ಎರಡು ಶೆಲ್ ಹಾಕಿದ ಟ್ರಾನ್ಸಿಸ್ಟರ್‌ಗೆ ಆ ಚಿಂತೆಯಿಲ್ಲ, ದೂರದ ಕೇಂದ್ರ ನಡೆಯುತ್ತಿದ್ದರೆ ಸಾಕು.

ಇದು ಗಡಿ ಹಳ್ಳಿಗಳಿಗೆ ಸಂಬಂಧಪಟ್ಟ ಮಾತು. 1933ರ ನಂತರ 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅದರ ವೇದಾವತಿ ನೀರು ಹರಿದು ಬರುವುದು ರಾಯದುರ್ಗ ಸೀಮೆಯ ಭೈರವಾನಿತಿಪ್ಪ ಜಲಾಶಯಕ್ಕೆ. ಮಡಕಶಿರಾ ಕಡೆಯ ಜಯಮಂಗಲಿಯೂ ಕರ್ನಾಟಕದಿಂದಲೇ ಬರುತ್ತದೆ. ಮೇಲೆ ಮಳೆ ಕನ್ನಡ ನಾಡಿನಲ್ಲಿ, ಕೆಳಗೆ ಪ್ರವಾಹ ಆಂಧ್ರದಲ್ಲಿ. ಹಾಗಾಗಿ ನೀರಿನ ಸುದ್ದಿ ಎರಡೂ ಭಾಷೆಯಲ್ಲಿ, ನೀರಿಗಿಂತ ಮೊದಲು ಬರಬೇಕು. ಮಧ್ಯಮ ತರಂಗ ಪ್ರಸಾರ ನಿಲ್ಲಿಸುವ ಮುನ್ನ ಈ ನದಿ ದಡದ ಹಳ್ಳಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳಿತು.