ಮಂಜೇಶ್ವರದಲ್ಲಿ ಗ್ರೀಕ್

ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ರಾಷ್ಟ್ರಕವಿ ಅಂತ ಎಲ್ರಿಗೂ ಗೊತ್ತು. ಅವರಿಗಿಂತ ಮೊದಲು, 1949ರಲ್ಲೇ, ಆ ಬಿರುದು ಪಡೆದವರು ಮಂಜೇಶ್ವರದ ಗೋವಿಂದ ಪೈ (1883–1963). ಮನೆಮಾತು ಕೊಂಕಣಿ, ಊರಲ್ಲಿ ತುಳು, ಮಲಯಾಳ, ಬರೆದದ್ದು ಕನ್ನಡ. ಬಿ.ಎ. ಓದಲು ಮದ್ರಾಸಿಗೆ ಹೋದವರು ತಂದೆ ತೀರಿಕೊಂಡಾಗ ಅರ್ಧಕ್ಕೇ ಮರಳಿದರು. ಡಿಗ್ರಿ ನಿಂತಿತು, ಓದು ನಿಲ್ಲಲಿಲ್ಲ.

ಪಾಲಿ, ಪರ್ಷಿಯನ್, ಬಂಗಾಳಿ ಎಲ್ಲ ಕಲಿತರು. ನನಗೆ ಸೋಜಿಗ ಅನ್ನಿಸೋದು ಗ್ರೀಕ್. ನಮ್ಮಲ್ಲಿ ಜರ್ಮನ್ ಕಲಿಯೋರಿಗೆ ಎಂಎಸ್ ಆಸೆ ಇರುತ್ತೆ, ತಪ್ಪೇನಿಲ್ಲ. ಮಂಜೇಶ್ವರದಲ್ಲಿ ಕೂತು ಗ್ರೀಕ್ ಓದಿದವರಿಗೆ ಯಾವ ಮಾರ್ಕ್ಸು, ಯಾವ ಪ್ಲೇಸ್‌ಮೆಂಟು?

ಈಜಿಪ್ಟಿನ ಆಕ್ಸಿರಿಂಕಸ್‌ನ ತಿಪ್ಪೆಯಲ್ಲಿ ಸಿಕ್ಕ ಪಪೈರಸ್ ಒಂದರಲ್ಲಿ ಗ್ರೀಕ್ ಪ್ರಹಸನವಿದೆ. ಖಾರಿಟಿಯೊನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯಲ್ಲಿ ಸೆರೆಯಾಗಿದ್ದಾಳೆ. ಅವಳ ಕಡೆಯವರು ಇಲ್ಲಿನ ರಾಜನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗ್ತಾರೆ. ಆ ರಾಜನ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಅಂತ 1904ರಲ್ಲಿ ಹೇಳಿದವರು ಜರ್ಮನಿಯ ವಿದ್ವಾಂಸ ಹುಲ್ಟ್ಜ್. ಪೈಗಳೂ ಆ ಮಾತುಗಳ ಬೆನ್ನು ಹತ್ತಿದರು. ತುಳು ಅನ್ನೋರಿದ್ದಾರೆ, ಬರೀ ಅರ್ಥವಿಲ್ಲದ ಸದ್ದು ಅನ್ನೋರೂ ಇದ್ದಾರೆ. ಜಗಳ ಇನ್ನೂ ಮುಗಿದಿಲ್ಲ.

ಜಪಾನಿನ ನೋ ನಾಟಕಗಳನ್ನೂ ಅವರು ಕನ್ನಡಕ್ಕೆ ತಂದಿದ್ದಾರೆ. ಮಂಜೇಶ್ವರದ ಮನೆ ಈಗ ಸ್ಮಾರಕ. ಅದರ ಹೆಸರು ಗಿಳಿವಿಂಡು, ಅವರ ಕವನ ಸಂಕಲನದ್ದೇ. ಮಂಗಳೂರಿಗೆ ಹೋದವರು ಹಾಗೇ ರೈಲು ಹತ್ತಿ ನೋಡಿ ಬರಬಹುದು.